ಎರಡು ತಾಸು ತಡಕೊಳ್ಳುವ ಔಷಧ

ನನ್ನ ಮೂತ್ರಕೋಶಕ್ಕೆ ಬಿಸಿಜಿ ಹಾಕಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ನಗು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸರಕಾರಿ ನರ್ಸಬಾಯಿ. ಹಾನಗಲ್ಲಿನಲ್ಲಿ ಶುರುಮಾಡಿ, ಹಿರೇಕೆರೂರಿಗೆ ಬದಲಿಯಾಗಿ, ಕೊನೆಗೆ ಸವಣೂರು ಸೇರಿ, ಯಲವಿಗಿ ಕಡೆಯ ಹಳ್ಳಿಗಳನ್ನು ನಿವೃತ್ತಿಯವರೆಗೂ ಸುತ್ತಿದೆ. ಅಲ್ಲೆಲ್ಲ ಎಷ್ಟು ಕೂಸುಗಳ ಎಡ ರಟ್ಟೆಗೆ ಬಿಸಿಜಿ ಚುಚ್ಚಿದ್ದೇನೋ ದೇವರೇ ಬಲ್ಲ. “ಉಣ್ಣಲಿಲ್ಲಂದ್ರ ನರ್ಸಬಾಯಿ ಕೈಯಾಗ ಕೊಡ್ತೇನಿ ನೋಡು” ಎಂದು ಹೆದರಿಸಿ ಎಷ್ಟೋ ತಾಯಂದಿರು ತುತ್ತು ತಿನ್ನಿಸಿದ್ದಾರೆ. ಈಗ ಅದೇ ಔಷಧ ನನ್ನನ್ನು ಹುಡುಕಿಕೊಂಡು ಬಂದಿತ್ತು. ಅದೂ ರಟ್ಟೆಗಲ್ಲ.

“ಅದು ಕ್ಷಯದ ಲಸಿಕಿ ಅಲ್ರೀ ಡಾಕ್ಟರ? ಅಲ್ಲ್ಯಾಕ?”

ಡಾಕ್ಟರು ಚೀಟಿಯ ಹಿಂದೆ ಒಂದು ಚೀಲದ ಚಿತ್ರ ಬರೆದರು. ನನ್ನ ಗಡ್ಡೆ ಮೂತ್ರಕೋಶದ ಒಳಪದರದಲ್ಲಷ್ಟೇ ಇತ್ತು, ಅದನ್ನು ಆಗಲೇ ಕೆರೆದು ತೆಗೆದಿದ್ದರು. ಆದರೆ ಮತ್ತೆ ಚಿಗುರುವ ಸ್ವಭಾವದ್ದಂತೆ. ಅದಕ್ಕೆಂದು ಬಲ ಕುಂದಿಸಿದ ಜೀವಂತ ರೋಗಾಣುಗಳನ್ನು ನಳಿಗೆಯಿಂದ ಒಳಗೆ ಬಿಡುತ್ತಾರೆ. ಅವುಗಳ ಮೇಲೆ ಜಗಳಕ್ಕೆ ಎದ್ದು ಬಂದ ಮೈಯ ಕಾವಲುಗಾರರು ಅಲ್ಲೇ ಅವಿತ ಕ್ಯಾನ್ಸರಿನ ಕಣಗಳನ್ನೂ ಬಡಿಯುತ್ತಾರೆ. ವಾರಕ್ಕೊಂದರಂತೆ ಆರು ವಾರ. ಮತ್ತೆ ಚಿಗುರಿ ಆಳಕ್ಕೆ ಇಳಿದರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಬಾಳಬೇಕಾದೀತು ಎಂದರು. ನನ್ನ ನಗು ಅಲ್ಲಿಗೆ ನಿಂತಿತು.

ಕಟ್ಟಳೆಗಳನ್ನೂ ಹೇಳಿದರು. ಮುಂಜಾನೆಯಿಂದ ಚಹಾ ಇಲ್ಲ, ನೀರೂ ಅಷ್ಟಕ್ಕಷ್ಟೇ. ಔಷಧ ಒಳಗೆ ಹೋದ ಮೇಲೆ ಎರಡು ತಾಸು ತಡಕೊಳ್ಳಬೇಕು. ಅಷ್ಟೂ ಹೊತ್ತು ಕಾಲು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು: ಅಂಗಾತ, ಬಲಕ್ಕೆ, ಎಡಕ್ಕೆ, ಬೋರಲು. ಆಮೇಲೆ ಮೂತ್ರ ಮಾಡಿದಾಗ ಪಾಯಖಾನೆಗೆ ಬ್ಲೀಚಿಂಗ್ ಪೌಡರು ಸುರಿದು, ಕಾಲು ತಾಸು ಬಿಟ್ಟು ನೀರು ಹಾಕಬೇಕು.

ನನ್ನನ್ನು ಕರೆದೊಯ್ಯಲು ಮುಂದೆ ಬಂದವರು ಪಕ್ಕದ ಮನೆಯ ಚಾಚಿ ಮತ್ತು ಬಾಡಿಗೆ ಕಾರು ಓಡಿಸುವ ಆಕೆಯ ಮಗ. ಚಾಚಿ ಎಂದರೆ ಇಡೀ ಓಣಿಗೆ ಚಾಚಿ. ಸವಣೂರ ವೀಳ್ಯದೆಲೆ ಮಾರಿ ಮನೆ ನಡೆಸಿದವಳು. ಬಾಯಲ್ಲಿ ಎಲೆ ಇರುವಷ್ಟು ಹೊತ್ತು ಮಾತ್ರ ಸುಮ್ಮನಿರುತ್ತಾಳೆ.

ಆಕೆಗೂ ನನಗೂ ಒಂದು ಹಳೇ ಬಾಕಿ ಉಂಟು. ಈ ಮಗ ಕೂಸಾಗಿದ್ದಾಗ ಬಿಸಿಜಿ ಹಾಕಿದವಳು ನಾನೇ. ಕೆಲವು ವಾರಕ್ಕೆ ಅಲ್ಲಿ ಸಣ್ಣ ಹುಣ್ಣಾಗುತ್ತದೆ, ಒಸರುತ್ತದೆ, ಏನೂ ಹಚ್ಚಬೇಡ, ತಾನೇ ಮಾಯುತ್ತದೆ ಎಂದು ಬುದ್ಧಿ ಹೇಳಿ ಬಂದಿದ್ದೆ. ಮತ್ತೊಮ್ಮೆ ಹೋಗಿ ನೋಡಿದರೆ ಕೂಸಿನ ರಟ್ಟೆ ಹಳದಿ.

“ಏನೂ ಹಚ್ಚಿಲ್ರಿ ಬಾಯಾರ. ಬಿಸಲಿಗೆ ಹಂಗ ಕಾಣ್ತೈತಿ.”

ನಾನು ಓಣಿಯ ಹೆಂಗಸರ ಮುಂದೆಯೇ ಝಾಡಿಸಿದ್ದೆ. “ನನಗ ಸುಳ್ಳು ಹೇಳಬಹುದು. ಕೂಸಿನ ಮೈಗೆ ಸುಳ್ಳು ಹೇಳಾಕ ಬರ್ತೈತೇನು?” ಆ ಮಾತನ್ನು ನಾನು ಮರೆತಿದ್ದೆ.

ಮೊದಲ ವಾರ ಸುಸೂತ್ರವಾಗಿ ಮುಗಿಯಿತು. ನಳಿಗೆ ಹಾಕಿ, ಔಷಧ ಬಿಟ್ಟು, ನಳಿಗೆ ತೆಗೆದು ಕಳಿಸಿದರು. ಹಿಂದಿನ ಸೀಟಿನಲ್ಲಿ ಚಾಚಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಮಗನ ಮೊಬೈಲು ಕಾಲು ತಾಸಿಗೊಮ್ಮೆ ಕೂಗುವುದು, ಚಾಚಿ ಅದಕ್ಕಿಂತ ಜೋರಾಗಿ ಕೂಗುವುದು: “ಹೊಳ್ಳ್ರಿ ಬಾಯಾರ, ಟೈಮ್ ಆತು!” ಪೆಟ್ರೋಲ್ ಹಾಕಿಸಲು ನಿಂತಾಗ ನಾನು ಬೋರಲಾಗಿದ್ದೆ. ಪೆಟ್ರೋಲ್ ಹಾಕುವಾತ ಕಿಟಕಿಯಲ್ಲಿ ಇಣುಕಿ, “ಅವ್ವಾರಿಗೆ ಏನಾಗೇತ್ರಿ?” ಎಂದ.

“ಏನಿಲ್ಲ ತಮ್ಮಾ. ಒಂದ ಮಗ್ಗಲ ಬೆಂದೈತಿ, ಇನ್ನೊಂದು ಬೇಯಬೇಕು,” ಎಂದಳು ಚಾಚಿ.

“ನಗಸಬ್ಯಾಡ ಚಾಚಿ, ನಿಂಗ ಪುಣ್ಯ ಬರ್ತೈತಿ,” ಎಂದು ನಾನು ಸೀಟನ್ನು ಕಚ್ಚಿ ಹಿಡಿದೆ.

ಮೂರನೇ ವಾರ ಉರಿ ಶುರುವಾಯಿತು. ಒಳಗೆ ಯಾರೋ ಹಸಿ ಮೆಣಸಿನಕಾಯಿ ಅರೆದಿಟ್ಟ ಹಾಗೆ. ಶಿಗ್ಗಾಂವ ಬರುವ ಹೊತ್ತಿಗೆ ಇನ್ನೂ ನಲವತ್ತು ನಿಮಿಷ ಉಳಿದಿತ್ತು, ನನ್ನಲ್ಲಿ ನಾಲ್ಕು ನಿಮಿಷದ ತಾಳ್ಮೆಯೂ ಉಳಿದಿರಲಿಲ್ಲ.

“ತಮ್ಮಾ, ಇಲ್ಲೇ ಕಾಳಿನ ಅಂಗಡಿ ಮುಂದ ನಿಲ್ಲಸು. ಕಡ್ಲಿಬ್ಯಾಳಿ ತರ್ತೇನಿ.”

“ಈಗ? ಬ್ಯಾಳಿ?” ಎಂದಳು ಚಾಚಿ.

“ಸವಣೂರಾಗ ಇಂಥಾ ಬ್ಯಾಳಿ ಸಿಗಂಗಿಲ್ಲ.”

ಕೈಚೀಲ ಹಿಡಿದು ಅಂಗಡಿಯ ಹಿಂದಿನ ಪಾಯಖಾನೆಗೆ ಓಡಿದೆ. ಚೀಲದಲ್ಲಿದ್ದ ಬ್ಲೀಚಿಂಗ್ ಪೌಡರು ಸುರಿದು, ಕಾಲು ತಾಸು ಅಲ್ಲೇ ನಿಂತು ನೀರು ಹಾಕಿ ಬಂದೆ. ನರ್ಸಬಾಯಿ ನೋಡಿ, ಅಷ್ಟರಮಟ್ಟಿಗೆ ನಿಯಮವಂತಳು. ಸ್ವರ್ಗ ಕಂಡವಳ ಹಾಗೆ ಬಂದು ಕಾರು ಹತ್ತಿದೆ.

“ಬ್ಯಾಳಿ ಎಲ್ಲೈತ್ರಿ?”

ಬೇಳೆ! “ತುಟ್ಟಿ ಹೇಳಿದ,” ಎಂದು ಕಣ್ಣು ಮುಚ್ಚಿದೆ.

ಚಾಚಿ ನನ್ನ ಕೈಯನ್ನು ಮೆಲ್ಲಗೆ ಎತ್ತಿ, ಮೂಸಿ, ಕೆಳಗಿಟ್ಟಳು. ಮೊಬೈಲು ಕೂಗಿದಾಗಲೆಲ್ಲ “ಹೊಳ್ಳ್ರಿ” ಎಂದಳು, ನಾನೂ ಹೊರಳಿದೆ. ಸವಣೂರು ಬಂತು. ಮನೆಯಲ್ಲಿ ನಾನು ಪಾಯಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಸುಮ್ಮನೆ ನಿಂತೆ.

ಹೊರಗಿನಿಂದ ಆಕೆಯ ದನಿ: “ಎರಡು ತಾಸು ತಡಕೊಂಡೋರು. ಒಳಗ ಸಪ್ಪಳನ ಇಲ್ಲಲ್ರಿ ಬಾಯಾರ!”

ಬಾಗಿಲು ತೆರೆದೆ. ಚಾಚಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ನನಗ ಸುಳ್ಳು ಹೇಳಬಹುದು. ನಿಮ್ಮ ಮೈಗೆ ಸುಳ್ಳು ಹೇಳಾಕ ಬರ್ತೈತೇನ್ರಿ?”

ಇಷ್ಟು ವರ್ಷ ಆ ಮಾತನ್ನು ಆಕೆ ಕೆಡದಂತೆ ಇಟ್ಟುಕೊಂಡಿದ್ದಳು. ಆಕೆಯ ಕಣ್ಣಲ್ಲಿ ಗೆದ್ದ ಖುಷಿ ಇತ್ತು, ಅದರ ಹಿಂದೆಯೇ ನೀರೂ ಇತ್ತು. “ಮತ್ತ ಚಿಗುರಿದ್ರ ಚೀಲ ಕಟ್ಟಿಕೊಂಡು ಬಾಳಬೇಕು ಅಂತ ಹೇಳ್ಯಾರಲ್ರಿ. ಮುಂದಿನ ವಾರ ಡಾಕ್ಟರಿಗೆ ನೀವು ಹೇಳ್ತೀರೋ, ನಾ ಹೇಳ್ಲೋ?”

ನಾನೇ ಹೇಳಿದೆ. ಮೂವತ್ತು ವರ್ಷ ತಾಯಂದಿರನ್ನು ಬೈದವಳು ಡಾಕ್ಟರ ಮುಂದೆ ಸೆರಗಿನ ತುದಿ ತಿರುವುತ್ತ ನಿಂತೆ. ಡಾಕ್ಟರು ಬೈಯಲಿಲ್ಲ. ಒಂದು ಸಲ ತಪ್ಪಿದ್ದಕ್ಕೆ ಎಲ್ಲ ಕೆಡುವುದಿಲ್ಲ, ಆದರೆ ಉರಿಯನ್ನು ಬಚ್ಚಿಡಬಾರದು ಎಂದರು. ಸೋಂಕು ಇದೆಯೇ ಎಂದು ಮೂತ್ರ ಪರೀಕ್ಷಿಸಿ, ಉರಿಗೆ ಗುಳಿಗೆ ಬರೆದುಕೊಟ್ಟರು. ಉಳಿದ ಮೂರು ವಾರ ಅಲ್ಲೇ ಆಸ್ಪತ್ರೆಯ ಮಂಚದ ಮೇಲೆ ಎರಡು ತಾಸು ಹೊರಳಿದೆ. ಚಾಚಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಪಾಯಖಾನೆಗೆ ಆಕೆಯನ್ನು ದಾಟಿಯೇ ಹೋಗಬೇಕಿತ್ತು.

ಆಮೇಲೆ ಕಾಯುವ ದಿನಗಳು. ಉರಿಗಿಂತ ಅವೇ ಕಠಿಣ. ಪ್ರತಿಸಲ ಮೂತ್ರದ ಬಣ್ಣ ನೋಡುವುದು, ಆ ನಲವತ್ತು ನಿಮಿಷಗಳನ್ನು ನೆನೆಯುವುದು. ಮೂತ್ರಕೋಶದೊಳಗೆ ದೂರಬೀನು ಹಾಕಿ ನೋಡುವ ದಿನ ಬಂದಾಗ ನಾನು ಚಾಚಿಯ ಕೈಯನ್ನು ಬಿಟ್ಟದ್ದು ಒಳಗಿನ ಬಾಗಿಲಲ್ಲಿ.

“ಸ್ವಚ್ಛ ಐತ್ರಿ,” ಎಂದರು ಡಾಕ್ಟರು. “ಆದ್ರ ಬಿಡಂಗಿಲ್ಲ. ಇನ್ನೂ ಮೂರು ವಾರದ್ದು ತಗೋಬೇಕು. ಆಮ್ಯಾಲೂ ನೋಡ್ಕೋತ ಇರಬೇಕು.”

ಆವತ್ತು ಔಷಧ ಇರಲಿಲ್ಲ, ತಡಕೊಳ್ಳುವ ಕಟ್ಟಳೆಯೂ ಇರಲಿಲ್ಲ. ಹುಬ್ಬಳ್ಳಿಯಲ್ಲೇ ಎರಡು ಲೋಟ ಚಹಾ ಕುಡಿದು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತೆ. ಶಿಗ್ಗಾಂವ ಹತ್ತಿರ ಬಂದಾಗ ಚಾಚಿ ಬಾಯಲ್ಲಿದ್ದ ಎಲೆಯನ್ನು ಉಗುಳಿದಳು. ದೊಡ್ಡ ಮಾತು ಬರುತ್ತದೆ ಎಂದುಕೊಂಡೆ.

“ಬಾಯಾರ, ನೀವು ಖರೇ ಹೇಳಿದ್ರಿ. ಈಗ ನಂದೂ ಒಂದು ಹೇಳ್ತೇನಿ. ಅವತ್ತು ನಿಮ್ಮ ಕಣ್ಣಿಗೆ ಬಿದ್ದಿದ್ದು ಅರಿಷಿಣ ಅಷ್ಟ. ಅದರ ಕೆಳಗ ನಾ ಅಗದಿದ್ದ ಎಲಿ ಮೆತ್ತಿದ್ದೆ. ಅದು ಕಾಣಬಾರದಂತನ ಅರಿಷಿಣ ಹಚ್ಚಿದ್ದೆ.”

ಮಗ ಸ್ಟೇರಿಂಗು ಹಿಡಿದೇ ತನ್ನ ಎಡ ರಟ್ಟೆಯ ಕಲೆಯತ್ತ ತಿರುಗಿ, “ಅಮ್ಮೀ, ಥೂ!” ಎಂದ.

ನನಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆ ಎರಡು ಲೋಟ ಚಹಾ ಕೂಡ ಹೊರಡಲು ಅವಸರ ಮಾಡಿತು. “ನಿಲ್ಲಸೋ ತಮ್ಮಾ, ನಿಲ್ಲಸು!” ಕಾರು ಅದೇ ಕಾಳಿನ ಅಂಗಡಿಯ ಮುಂದೆ ನಿಂತಿತು. ನಾನು ಸೀರೆ ಎತ್ತಿಕೊಂಡು ಓಡುತ್ತಿದ್ದರೆ ಹಿಂದಿನಿಂದ ಚಾಚಿ ಇಡೀ ಪೇಟೆಗೆ ಕೇಳುವಂತೆ ಕೂಗಿದಳು:

“ಈ ಸಲರೆ ಬ್ಯಾಳಿ ಮರೀಬ್ಯಾಡ್ರಿ ಬಾಯಾರ!”