ಬೇಲಿಯಾಚೆ ಕೂತವರು

ಫೋಟೋದಲ್ಲಿ ದೆವ್ವ ಬಂತು ಅಂತ ಯಾರಾದರೂ ಹೇಳಿದರೆ, ಮೊದಲು ಲೆನ್ಸ್ ಒರೆಸಿ ಅಂತ ನಗುತ್ತಿದ್ದವನು ನಾನು. ಈಗ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಆಗ ಪಿರಿಯಾಪಟ್ಟಣದ ಸೈಬರ್ ಸೆಂಟರಿನಲ್ಲಿ ಲೈಟ್ ಫೀಲ್ಡ್ ಕ್ಯಾಮೆರಾ ಬಗ್ಗೆ ಓದುತ್ತಿದ್ದೆ. ಅದು ಒಂದೇ ಸಲಕ್ಕೆ ಹತ್ತಾರು ಕಡೆಯಿಂದ ನೋಡುತ್ತದಂತೆ. ಅಂಥ ಹಲವು ಚಿತ್ರ ಸೇರಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದಂತೆ. ಅಂಥದ್ದು ನನಗೆಲ್ಲಿ ಸಿಗಬೇಕು? ಗೆಳೆಯನ ಡಿಜಿಟಲ್ ಕ್ಯಾಮೆರಾ ತಂದು, ಹಲಗೆಯ ಮೇಲೆ ಚೂರು ಚೂರೇ ಸರಿಸುತ್ತಾ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಿದ್ದೆ. ದೂರದ್ದನ್ನು ಸರಿಯಾಗಿ ಹೊಂದಿಸಿದರೆ ಹತ್ತಿರದ ಬೇಲಿ ಕರಗಿ, ಹಿಂದಿನದು ಕಾಣುತ್ತದೆ.

ರಾವಂದೂರಿನ ಹತ್ತಿರ ನಮ್ಮೂರಲ್ಲಿ ದೊಡ್ಡಪ್ಪನ ಬ್ಯಾರನ್ ಇತ್ತು, ಹೊಗೆಸೊಪ್ಪು ಬೇಯಿಸುವ ಮನೆ. ದೊಡ್ಡಪ್ಪ ಕೊಡಗಿನ ಕಡೆ ಹೋದವರು ತಿರುಗಿ ಬರಲಿಲ್ಲ. ಬ್ಯಾರನ್ ಮುಂದೆ ಲಂಟಾನದ ಪೊದೆ ಬೇಲಿಯ ಹಾಗೆ ಬೆಳೆಯಿತು. ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಡಲು ದೊಡ್ಡಮ್ಮ ಎಷ್ಟೋ ವರ್ಷ ಒಪ್ಪಿರಲಿಲ್ಲ. ಇಟ್ಟರೆ ಸತ್ತರು ಅಂತ ಒಪ್ಪಿದ ಹಾಗೆ. ಆ ವರ್ಷ ಹೇಗೋ ಮನಸ್ಸು ಗಟ್ಟಿ ಮಾಡಿದ್ದರು. ಎಡೆಗೆಂದು ಹೊಸ ಪಂಚೆಯೂ ಬಂದಿತ್ತು.

ಲಂಟಾನ ದಟ್ಟವಾಗಿದೆ ಅಂತಲೇ ನಾನು ಫೋಟೋಗೆ ಆ ಜಾಗ ಆರಿಸಿದ್ದು. ಹಾಡಹಗಲು. ಮೊದಲೇ ಒಂದು ಸುತ್ತು ಹಾಕಿ ನೋಡಿದ್ದೆ, ಅಲ್ಲಿ ಯಾರೂ ಇರಲಿಲ್ಲ. ಒಂದೊಂದೇ ಫೋಟೋ ನೋಡಿದರೆ ಬರೀ ಎಲೆ. ಕೂಡಿಸಿದಾಗ ಬ್ಯಾರನ್ ಬಾಗಿಲು ಬಂತು. ಅದರ ಮುಂದೆ ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಮುಖ ಇರಬೇಕಾದಲ್ಲಿ ಮಸುಕು.

ನೆರಳುಗಳು ಸೇರಿ ಹಾಗಾಗಿದೆ ಅಂದುಕೊಂಡೆ. ಬೇಲಿ ಮಾಯವಾದದ್ದನ್ನು ತೋರಿಸುವ ಆತುರಕ್ಕೆ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಅವ್ರು ಇಂಗೇ ಕೂರ್ತಿದ್ದುದ್ದು ಕಣ್ಲಾ," ಅಂದರು.

"ಮೊನ್ನೆ ಫೋಟೋದಲ್ಲಿ ನಮ್ಮೆಮ್ಮೆಗೆ ಎಂಟು ಕಾಲು ಬರ್ಸಿದ್ದ ಇವ್ನು, ಬುಡಿ ಅತ್ಗೆ," ಅಂತ ಅಪ್ಪ ನಗಿಸಲು ನೋಡಿದರು. ದೊಡ್ಡಮ್ಮ ನಗಲಿಲ್ಲ. ಪಂಚೆ ಮಡಿಸಿ ಟ್ರಂಕಿನೊಳಗಿಟ್ಟು ಬಂದು ನನ್ನನ್ನು ಕೇಳಿದರು:

"ಇನ್ನೊಂದಷ್ಟು ತಗ್ದು ಕೂಡ್ಸುದ್ರೆ ಮುಖ ಕಾಣ್ತದಾ?"

ಕಾಣುತ್ತದೆ. ಕೂಡಿಸಿದಷ್ಟೂ ಸ್ಪಷ್ಟವಾಗುತ್ತದೆ. ಆದರೆ ಕ್ಯಾಮೆರಾ ವಾಪಸ್ ಕೊಟ್ಟುಬಿಟ್ಟೆ ಅಂದೆ. ಅದು ನನ್ನ ಹೆಗಲ ಚೀಲದಲ್ಲೇ ಇತ್ತು.

ಆ ಪಕ್ಷದಲ್ಲಿ ಎಡೆ ಇಡಲಿಲ್ಲ, ಆಮೇಲೂ ಇಡಲಿಲ್ಲ. ಸಂಜೆ ಟೀ ಕಾಯಿಸಿದರೆ ಒಂದು ಲೋಟ ಬ್ಯಾರನ್ ಕಡೆ ಹೋಗತೊಡಗಿತು. ಬರೀ ನೆರಳು ಅಂತ ಗೊತ್ತಾಗಿದ್ದರೆ ದೊಡ್ಡಮ್ಮನಿಗೆ ಬಿಡುಗಡೆಯಾದರೂ ಆಗುತ್ತಿತ್ತು. ಗೆಳೆಯನಿಗೆ ಕ್ಯಾಮೆರಾ ಕೊಟ್ಟದ್ದು ವಾರ ಕಳೆದ ಮೇಲೆ. ಅಲ್ಲಿವರೆಗೆ ದಿನವೂ ಆ ಲಂಟಾನದ ಮುಂದೆಯೇ ಓಡಾಡಿದೆ, ಒಂದೂ ಫೋಟೋ ತೆಗೆಯಲಿಲ್ಲ. ಹೆದರಿದ್ದು ಅಲ್ಲಿ ಮುಖ ಕಂಡುಬಿಡುತ್ತದೆ ಅಂತಲೋ, ಕಾಣುವುದಿಲ್ಲ ಅಂತಲೋ, ನನಗಿನ್ನೂ ಗೊತ್ತಿಲ್ಲ.