ತಕರಾರಮ್ಮನ ಸ್ಟೂಲು

ತಕರಾರಮ್ಮನಿಗೆ ಕಂಪನಿಯಿಂದ ಒಂದು ಸ್ಟೂಲು ಬಾಕಿ ಇದೆ. ಮರದ್ದು, ಕುಂಟುತ್ತಿದ್ದ ಒಂದು ಕಾಲಿಗೆ ಬಟ್ಟೆ ಸುತ್ತಿದ್ದು. ಹನ್ನೊಂದು ವರ್ಷ ಅವಳು ಅದರ ಮೇಲೆ ಕೂತಿದ್ದಳು. ಕಿತ್ತುಕೊಂಡು ನಾಲ್ಕು ತಿಂಗಳಾಯಿತು.

ಅದು ಕೂಸುಗಳ ಅಂಗಿ ಹೊಲಿಯುವ ಗಾರ್ಮೆಂಟ್ಸ್. ಅವಳದು ಸೂಜಿ ಮೇಜು. ಮಿಷನ್ನಿನ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ತಂದು ಅವಳ ಮುಂದಿಡಬೇಕು. ಅವಳು ಚೂರಿಗೆ ಚೂರು ಜೋಡಿಸಿ, ಇಡೀ ಸೂಜಿ ಆಯಿತೆಂದರೆ ರಿಜಿಸ್ಟರಿಗೆ ಟೇಪಿನಿಂದ ಅಂಟಿಸಿ ಹೊಸದು ಕೊಡುವಳು. ಒಂದು ಚೂರು ಕಡಿಮೆಯಾದರೂ ಇಲ್ಲ. ಸಿಗದ ಚೂರು ಅಂಗಿಯೊಳಗೆ ಉಳಿದಿರಬಹುದು, ಅಂಗಿ ತೊಡುವುದು ಮಾತು ಬಾರದ ಕೂಸು. ಈ ನಿಯಮ ಬರೆದು ಗೋಡೆಗೆ ಹಾಕಿದ್ದು ಕಂಪನಿಯೇ. ಮನಸ್ಸಿಟ್ಟು ಓದಿದವಳು ಇವಳೊಬ್ಬಳು.

"ಅಕ್ಕಾ, ನುಚ್ಚಿನಷ್ಟೂ ಇಲ್ಲ, ಬಿಡು" ಎಂದು ಹೊಲಿಯುವವರು ಗೋಗರೆಯುತ್ತಿದ್ದರು.

"ನುಚ್ಚಾದ್ರೆ ಬೇಯುತ್ತೆ. ಇದು ಬೇಯಲ್ಲ. ಹುಡುಕು."

ಹೀಗೆ ಹೆಸರು ಬಿತ್ತು. ಹೆತ್ತವರು ಇಟ್ಟದ್ದು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ಮನೆಯಲ್ಲಿ ಸೊಪ್ಪನ್ನು ಮೂರನೇ ಸಲ ತೊಳೆಯುವಾಗ ಒಡಹುಟ್ಟಿದ ತಂಗಿಯೂ, "ತಕರಾರಮ್ಮಾ, ಅದರ ಚರ್ಮ ಸುಲೀಬೇಡ" ಎನ್ನುವಳು.

ಆ ಪದದ ಹುಟ್ಟು ಹೇಳಿದವನು ಕಟಿಂಗ್ ಮಾಸ್ಟರ್. ಎರಡು ಮುಷ್ಕರ, ಒಂದು ಕೋರ್ಟು ಕೇಸು ಕಂಡವನು. ಒಂದು ದಿನ ಊಟದ ಬಿಡುವಿನಲ್ಲಿ ಶುರುಮಾಡಿದ.

"ತಕರಾರು ಅಂದ್ರೆ ಏನಂದ್ಕೊಂಡಿದೀಯ ತಂಗಿ? ಅರಬ್ಬಿ ಮಾತು. ಅಲ್ಲಿ ಹೇಳಿದ್ದನ್ನೇ ಮತ್ತೆ ಹೇಳೋದು ಅಂತಷ್ಟೇ ಅರ್ಥ. ಪಾರ್ಸಿ ದಾಟಿ ನಮ್ಮ ಕಚೇರಿ ಕಾಗದಕ್ಕೆ ಬರೋ ಹೊತ್ತಿಗೆ ವ್ಯಾಜ್ಯ, ಆಕ್ಷೇಪಣೆ ಆಯ್ತು. ಕಾಗದದಿಂದ ಬಾಯಿಗೆ ಬಂದಾಗ, ಏನು ಮಾಡಿದ್ರೂ ಸರಿಹೋಗದವರು ಅಂತಾಯ್ತು."

ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು. "ಮೊದಲ್ನೇ ಸಲ ಕೇಳಿಸ್ಕೊಂಡಿದ್ರೆ ಎರಡ್ನೇ ಸಲ ಯಾಕ್ ಹೇಳ್ತಿದ್ದೆ ಮಾಸ್ಟ್ರೇ?"

"ಅಲ್ಲೇ ಇರೋದು. ಕೇಳದವನಿಗೆ ಅಡ್ಡಹೆಸರಿಲ್ಲ."

ಲೋಡು ಹೊರಡುವ ಒಂದು ದಿನ ಕೊರಳಪಟ್ಟಿ ಹೊಲಿಯುವವಳು ಮೂರು ಚೂರು ತಂದಳು. ಜೋಡಿಸಿದರೆ ಮೊನೆ ಮಾತ್ರ ಕೂದಲೆಳೆಯಷ್ಟು ಹೆಚ್ಚು ದಪ್ಪ. ಮುರಿದದ್ದು ಹನ್ನೊಂದನೇ ನಂಬರಿನ ಸೂಜಿ, ಮೊನೆ ಹದಿನಾಲ್ಕರದ್ದು.

"ಇದ್ಯಾವ ಸೂಜೀದು?"

"ಅದೇ ಸೂಜೀದಕ್ಕ."

"ಮುರಿದ್ಮೇಲೆ ಮೈ ಬಂತಾ ಅದಕ್ಕೆ?"

ಹೊಲಿಯುವವಳು ತಲೆ ತಗ್ಗಿಸಿ, ಜೇಬಿನಿಂದ ಒಂದು ಪೊಟ್ಟಣ ತೆಗೆದಳು. ಒಳಗೆ ಏಳೆಂಟು ಮೊನೆಗಳು. ಅಂಗಡಿಯಲ್ಲಿ ಸೂಜಿ ಕೊಂಡು, ಮುರಿದು ಇಟ್ಟುಕೊಂಡದ್ದು. "ಎಲ್ಲರ ಹತ್ರನೂ ಇದೆಯಕ್ಕ. ಹುಡುಕ್ತಾ ಕೂತ್ರೆ ಗಂಟೆಯ ಪೀಸು ಆಗಲ್ಲ. ಆ ಸಾರ್ ಬಾಯಿಗೆ ಬಂದಂಗೆ ಬೈತಾರೆ."

ಸಾರ್ ಅಷ್ಟರಲ್ಲಿ ಬಂದೇ ಬಿಟ್ಟ. ಸೂಪರ್‌ವೈಸರ್.

"ಏನಮ್ಮ ನಿನ್ ತಕರಾರು? ಲಾರಿ ಗೇಟಲ್ಲಿದೆ. ಸಹಿ ಹಾಕು."

"ಮೊನೆ ಸಿಗ್ಲಿ ಸಾರ್, ಹಾಕ್ತೀನಿ."

"ಬಟ್ಟೆಯೊಳಗಿನ ಸೂಜಿ ಕಂಡುಹಿಡಿಯೋ ಮಿಷನ್ ಇಲ್ವಾ ಕೊನೇಲಿ?"

"ಅದು ಕೆಟ್ಟು ವಾರ ಆಯ್ತು. ಮೂರು ಸಲ ಬರ್ಕೊಟ್ಟಿದೀನಿ."

"ಈಗ ಹಾಕ್ಲಿಲ್ಲ ಅಂದ್ರೆ ನಾಳೆಯಿಂದ ಪ್ಯಾಕಿಂಗು."

ಅವಳ ಎರಡೂ ಮಂಡಿ ಸವೆದಿದ್ದವು. ಪ್ಯಾಕಿಂಗಿನಲ್ಲಿ ಎಂಟು ಗಂಟೆ ನಿಂತೇ ಕೆಲಸ. ಅದು ಅವನಿಗೂ ಗೊತ್ತಿತ್ತು. ಅವಳು ಪೆನ್ನಿಗೆ ಕ್ಯಾಪು ಹಾಕಿ, ಅಂಗಿಗಳ ಕಟ್ಟು ಬಿಚ್ಚಿ, ಮೊದಲನೆಯದರ ಕೊರಳಪಟ್ಟಿಯನ್ನು ಬೆರಳಿನಿಂದ ಒತ್ತುತ್ತ ಬಂದಳು. ಪೊಟ್ಟಣದವಳು ಪಕ್ಕದಲ್ಲಿ ಕೂತು ಎರಡನೆಯದನ್ನು ತೆಗೆದುಕೊಂಡಳು. ಮಿಕ್ಕವರು, "ಇವತ್ತಿನ ಟಾರ್ಗೆಟ್ಟು ಎಕ್ಕುಟ್ಟೋಯ್ತು" ಎಂದು ಶಪಿಸುತ್ತಲೇ ಬಂದರು.

ಅರವತ್ತಮೂರನೇ ಅಂಗಿಯಲ್ಲಿ ತಕರಾರಮ್ಮನ ತೋರುಬೆರಳು ಚುರುಕ್ ಎಂದಿತು. ಮೊನೆ ಕತ್ತಿನ ಹಿಂಭಾಗದ ಹೊಲಿಗೆಯಲ್ಲಿ ನೆಟ್ಟಗೆ ನಿಂತಿತ್ತು. ಬಿಳಿ ಬಟ್ಟೆಯ ಮೇಲೆ ರಕ್ತದ ಒಂದು ಚುಕ್ಕೆ. ಅವಳು ಮೊನೆಯನ್ನು ಜೋಡಿಸಿ ನೋಡಿದಳು, ಅಂಟಿಸಿದಳು, ಸಹಿ ಹಾಕಿದಳು. ಕಲೆಯಾದ ಅಂಗಿಯನ್ನು ಎತ್ತಿಟ್ಟಳು. ಲಾರಿ ಎರಡು ಗಂಟೆ ತಡವಾಗಿ ಹೊರಟಿತು.

ಮರುದಿನ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಈಗ ಸೂಜಿ ಕೊಡುವುದು ಸೂಪರ್‌ವೈಸರನೇ. ಸ್ಟೂಲಿನ ಮೇಲೆ ಅವನ ಊಟದ ಡಬ್ಬಿ ಕೂತಿರುತ್ತದೆ. ಈ ನಾಲ್ಕು ತಿಂಗಳ ರಿಜಿಸ್ಟರಿನಲ್ಲಿ ಒಂದು ಮೊನೆಯೂ ಕಳೆದಿಲ್ಲ. ಮುರಿದ ಸೂಜಿಗಳೆಲ್ಲ ಇಡಿಯಾಗಿವೆ. ತಪಾಸಣೆಗೆ ಬಂದವರು ಬಹಳ ಚೆನ್ನಾಗಿದೆ ಎಂದು ಬರೆದು ಹೋದರು.

ಅವಳು ಪ್ರತಿ ಸೋಮವಾರ ಆಫೀಸಿನ ಬಾಗಿಲಲ್ಲಿ ನಿಂತು ಸ್ಟೂಲು ಕೇಳುತ್ತಾಳೆ. "ಮತ್ತೆ ಬಂತಪ್ಪ ತಕರಾರು" ಎಂದು ಒಳಗೆ ನಗುತ್ತಾರೆ.

ನಿಮ್ಮ ಮನೆಯಲ್ಲಿ ಕೂಸಿದ್ದರೆ, ಹೊಸ ಅಂಗಿಯ ಕೊರಳಪಟ್ಟಿಯನ್ನು ತಿರುವಿ ಬೆರಳಾಡಿಸಿ ನೋಡಿ. ಏನೂ ಚುಚ್ಚದಿದ್ದರೆ, ಎಲ್ಲೋ ಒಬ್ಬಳು ಬೈಸಿಕೊಂಡಿದ್ದಾಳೆ. ನೋಡಿ ಸುಮ್ಮನಾಗಬೇಡಿ. ಬರುವ ಸೋಮವಾರ ಬನ್ನಿ, ಅವಳ ಪಕ್ಕದಲ್ಲಿ ನಿಂತು ಆ ಸ್ಟೂಲು ಕೇಳಿ. ಕೊಡುವುದಿಲ್ಲ ಎಂದರೆ ಅದರ ಮುಂದಿನ ಸೋಮವಾರವೂ ಬನ್ನಿ.