ಮೂಗಿನಣ್ಣನೂ ಹನ್ನೆರಡು ಮಾಸ್ಕೂ

ಮೂಗಿನಣ್ಣನಿಗೆ ಸಂಬಳ ಬರುತ್ತಿದ್ದದ್ದು ಬಾಳೆಹಣ್ಣಿನ ವಾಸನೆ ನೋಡುವುದಕ್ಕೆ. ಹೀಗೆಂದರೆ ಅವನ ಬೀಗರೇ ನಂಬಿರಲಿಲ್ಲ.

ಕೆಲಸ ಇಷ್ಟೇ. ವಿಷಗಾಳಿಯಿಂದ ಜನರನ್ನು ಕಾಯುವ ಮಾಸ್ಕುಗಳು ಆ ಲ್ಯಾಬಿಗೆ ಪರೀಕ್ಷೆಗೆ ಬರುತ್ತವೆ. ಮುಖಕ್ಕೆ ಸರಿಯಾಗಿ ಕೂರುತ್ತವೋ ಇಲ್ಲವೋ ನೋಡಬೇಕು. ಅದಕ್ಕೆಂದು ಮನುಷ್ಯನ ಮೇಲೆ ವಿಷ ಬಿಡಲಾದೀತೇ? ಆದ್ದರಿಂದ ಗಾಜಿನ ಕೋಣೆಯೊಳಗೆ ಒಂದು ಎಣ್ಣೆಯ ಆವಿ ಬಿಡುತ್ತಾರೆ. ಅದರ ವಾಸನೆ ಥೇಟ್ ಬಾಳೆಹಣ್ಣು. ಮೂಗಿನಣ್ಣ ಮಾಸ್ಕ್ ಹಾಕಿಕೊಂಡು ಒಳಗೆ ನಿಲ್ಲುತ್ತಾನೆ. ತಲೆಯನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಆಡಿಸುತ್ತಾನೆ. ಬಗ್ಗಿ ಏಳುತ್ತಾನೆ. ಆಮೇಲೆ ದವಡೆ ಆಡುವಂತೆ ಜೋರಾಗಿ ಮಾತಾಡಬೇಕು. ಮಾತಿನಲ್ಲಿ ಅವನು ಬಡವ. ಅದಕ್ಕೇ ಏಳರ ಮಗ್ಗಿ ಹೇಳುತ್ತಾನೆ. ಎಂಟರ ಮಗ್ಗಿ ಬರುವ ಹೊತ್ತಿಗೆ ಶಾಲೆ ಬಿಟ್ಟಿದ್ದ. ಇಷ್ಟರಲ್ಲಿ ಬಾಳೆಹಣ್ಣಿನ ವಾಸನೆ ಬಂದರೆ ಮಾಸ್ಕ್ ಸೋರುತ್ತದೆ ಎಂದರ್ಥ. ಬರದಿದ್ದರೆ ಪಾಸು.

ಇಪ್ಪತ್ತೊಂದು ವರ್ಷದಲ್ಲಿ ಆ ಮೂಗು ಒಂದು ಸಲವೂ ತಪ್ಪಿರಲಿಲ್ಲ. ಒಂದು ಕೂದಲಿದ್ದರೂ ಮಾಸ್ಕ್ ಸರಿಯಾಗಿ ಅಂಟುವುದಿಲ್ಲವೆಂದು ದಿನಾ ಬೆಳಿಗ್ಗೆ ಮುಖ ನುಣ್ಣಗೆ ಬೋಳಿಸುತ್ತಿದ್ದ. ಲ್ಯಾಬಿನ ಗೇಟಿನೊಳಗೆ ಯಾರೂ ಬಾಳೆಹಣ್ಣು ತರುವಂತಿಲ್ಲ. ಊಟದ ಡಬ್ಬಿ ಬಿಚ್ಚಿಸಿ ನೋಡಲು ಕಾವಲುಗಾರನಿದ್ದ. ಆದರೆ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳಿದ್ದಳು. ಅವಳು ಯಾವ ಕಾನೂನಿಗೂ ಬಗ್ಗುವವಳಲ್ಲ. ಮೂಗಿನಣ್ಣನ ಗದ್ದದಲ್ಲಿ ಆಳವಾದ ಗುಳಿಯೊಂದಿತ್ತು. ಅದಕ್ಕೆ ಬೆರಳು ತೂರಿಸದೆ ಅವಳಿಗೆ ಬೆಳಗಾಗುತ್ತಿರಲಿಲ್ಲ.

ಆ ದಿನ ಹೊಸ ಮಾಸ್ಕು ಹನ್ನೆರಡು ಬಂದಿದ್ದವು. ನೋಡಲು ದೊಡ್ಡ ಸಾಹೇಬರೇ ಬಂದರು. ಅವರು ಬಾಗಿಲು ದಾಟಿದ್ದೇ ತಡ, ಮೇಜಿನ ಮೇಲಿದ್ದ ವಿಷಗಾಳಿ ಡಿಟೆಕ್ಟರ್ ಕುಂಯ್ ಎಂದು ಬೊಬ್ಬೆ ಹೊಡೆಯಿತು. ಸಾಹೇಬರ ಸೆಂಟಿಗೆ. ಕೆಮಿಸ್ಟ್ ಮೇಡಂ ಓಡಿಹೋಗಿ ಅದರ ಬಾಯಿ ಮುಚ್ಚಿಸಿ, "ಇದಿನ್ನೂ ಹೊಸದು ಸಾರ್, ಯಾರನ್ನ ಕಂಡ್ರೂ ಹೆದರುತ್ತೆ" ಎಂದರು.

ಮೂಗಿನಣ್ಣ ಮೊದಲ ಮಾಸ್ಕ್ ಹಾಕಿ ಒಳಗೆ ಹೋದ. "ಏಳೊಂದ್ಲ ಏಳು" ಎನ್ನುವಷ್ಟರಲ್ಲಿ ಕೈ ಎತ್ತಿದ.

"ಬರ್ತಿದೆ ಮೇಡಂ."

ಎರಡನೆಯದರಲ್ಲೂ ವಾಸನೆ ಬಂತು. ಮೂರನೆಯದರಲ್ಲೂ ಬಂತು. ಏಳನೆಯದಂತೂ ಗೊನೆಯನ್ನೇ ಮೂಗಿಗೆ ಕಟ್ಟಿದ ಹಾಗಿತ್ತು. ಹನ್ನೆರಡೂ ಫೇಲು.

ಸಾಹೇಬರ ಮುಖ ಕೆಂಪಾಯಿತು. "ಒಂದೆರಡು ಸೋರಿದ್ರೆ ಒಪ್ಕೋಬಹುದು. ಹನ್ನೆರಡಕ್ಕೆ ಹನ್ನೆರಡೂ ಹೇಗ್ರಿ? ಇವರ ಮೂಗಿಗೇ ವಯಸ್ಸಾಗಿದೆ."

ಮೇಡಂ ಎರಡು ಸೀಸೆ ತಂದರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ನೀರಿಗೆ ಒಂದೇ ತೊಟ್ಟು ಎಣ್ಣೆ. ಮೂಗಿನಣ್ಣ ಕಣ್ಣುಮುಚ್ಚಿ ಮೂಸಿ ಸರಿಯಾದದ್ದನ್ನೇ ತೋರಿಸಿದ.

"ಮೂಗು ಸರಿಯಾಗಿದೆ ಸಾರ್," ಎಂದರು ಮೇಡಂ.

"ಹಾಗಾದ್ರೆ ತಲೆ ಸರಿಯಿಲ್ಲ. ಮುಂದಿನ ತಿಂಗಳಿಂದ ಇದಕ್ಕೂ ಯಂತ್ರ ತರಿಸೋಣ. ಇವರನ್ನ ಸ್ಟೋರಿಗೆ ಹಾಕಿ, ಡಬ್ಬ ಜೋಡಿಸ್ಕೊಂಡಿರಲಿ."

ಸ್ಟೋರಿನ ಕೆಲಸವೇನೂ ಕೀಳಲ್ಲ. ಆದರೆ ಅಲ್ಲಿ ಅವನು ಬರೀ ಅಣ್ಣ. ಮೂಗಿನಣ್ಣ ಅಲ್ಲ. ವಾಸನೆ ಬರಲಿಲ್ಲ ಎಂದೊಂದು ಮಾತು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಬಂದದ್ದನ್ನು ಬರಲಿಲ್ಲ ಎನ್ನುವುದು ಹೇಗೆ? ನಾಳೆ ಅದೇ ಮಾಸ್ಕ್ ಯಾರದೋ ಮಗನ ಮುಖದ ಮೇಲಿರುತ್ತದೆ.

ಅವನು ಒಂದು ಮಾಸ್ಕ್ ಕೈಗೆತ್ತಿಕೊಂಡ. ಕೊನೆಗೆ ಬಾಯಿಬಿಟ್ಟ.

"ಸಾರ್, ಅಂಗಳಕ್ಕೆ ಹೋಗೋಣ."

"ಯಾಕೆ?"

"ಅಲ್ಲಿ ಎಣ್ಣೆ ಇಲ್ಲ. ಅಲ್ಲಿ ಹಾಕ್ಕೊಂಡು ನೋಡ್ತೀನಿ."

ಎಲ್ಲರೂ ಅಂಗಳಕ್ಕೆ ನಡೆದರು. ಬಯಲುಗಾಳಿ ರೊಯ್ಯೆಂದು ಬೀಸುತ್ತಿತ್ತು. ಮೂಗಿನಣ್ಣ ಮಾಸ್ಕ್ ಏರಿಸಿ, ಪಟ್ಟಿ ಬಿಗಿದು, ಉಸಿರೆಳೆದ. ಒಳಗಿಂದ ಗೊಗ್ಗರು ದನಿ ಬಂತು.

"ಇಲ್ಲೂ ಬರ್ತಿದೆ."

ಸಾಹೇಬರು ನಕ್ಕರು. "ನೋಡಿದ್ರಾ ಮೇಡಂ? ನಾನು ಹೇಳಲಿಲ್ವಾ, ತಲೆ ಅಂತ!"

ಮೇಡಂ ನಗಲಿಲ್ಲ. "ಹಾಗಾದ್ರೆ ವಾಸನೆ ಮಾಸ್ಕಿನೊಳಗೇ ಇದೆ. ಅಣ್ಣ, ಮಾಸ್ಕ್ ತೆಗೀರಿ" ಎಂದರು. ಕನ್ನಡಕ ಸರಿಮಾಡಿಕೊಂಡು ಅವನ ಮುಖದ ಹತ್ತಿರ ಬಂದರು. ಹಣೆ ಮೂಸಿದರು. ಕೆನ್ನೆ ಮೂಸಿದರು. ಮೂಗಿನಣ್ಣ ಕಂಬದ ಹಾಗೆ ನಿಂತ. ಅವನನ್ನು ಈ ಜನ್ಮದಲ್ಲಿ ಯಾರೂ ಹೀಗೆ ಮೂಸಿರಲಿಲ್ಲ, ಹೆಂಡತಿಯೂ ಸೇರಿ. ಗದ್ದದ ಹತ್ತಿರ ಮೇಡಂ ನಿಂತರು. ಜೇಬಿನಿಂದ ಒಂದು ಸಣ್ಣ ಕಡ್ಡಿ ತೆಗೆದು ಗುಳಿಯೊಳಗೆ ತಿರುಗಿಸಿ ಹೊರಗೆಳೆದರು. ತುದಿಯಲ್ಲಿ ಕಂದುಬಣ್ಣದ ಏನೋ ಮೆತ್ತಗೆ ಅಂಟಿಕೊಂಡಿತ್ತು.

"ಅಣ್ಣ, ಬೆಳಿಗ್ಗೆ ಮನೇಲಿ ಏನು ನಡೀತು?"

ಮೂಗಿನಣ್ಣ ಕಡ್ಡಿ ನೋಡಿದ. ನೆನಪಾಯಿತು. ಮುಖ ಬೋಳಿಸಿಕೊಂಡು ಬಂದು ಕೂತಿದ್ದ. ಮೊಮ್ಮಗಳು ಬಾಳೆಹಣ್ಣು ತಿನ್ನುತ್ತ ತೊಡೆ ಏರಿದ್ದಳು.

"ಅವಳಿಗೆ... ಅದು ಇನ್ನೊಂದು ಬಾಯಿ ಅಂತ," ಎಂದ ನಾಚಿಕೊಂಡು. "ಅದಕ್ಕೂ ತಿನ್ನಿಸ್ತಾಳೆ. ನಾನು ಟವೆಲ್‌ನಲ್ಲಿ ಒರೆಸ್ಕೊಂಡಿದ್ದೆ ಮೇಡಂ. ಗುಳಿಯ ತಳ ಮುಟ್ಟಿಲ್ಲ. ಮಾಸ್ಕ್ ಮುಚ್ಚಿದ್ಮೇಲೇ ವಾಸನೆ ಕಟ್ಟಿದ್ದು."

ಅಂಗಳದಲ್ಲಿ ನಗು ಸಿಡಿಯಿತು. ಕಾವಲುಗಾರ ತಲೆಮೇಲೆ ಕೈ ಹೊತ್ತ. "ಅಯ್ಯೋ, ಡಬ್ಬಿ ಬಿಚ್ಚಿಸಿ ನೋಡ್ತೀನಿ, ಗದ್ದ ಹೇಗಣ್ಣ ಬಿಚ್ಚಿಸಲಿ?"

ಮೂಗಿನಣ್ಣ ಸೋಪು ಹಾಕಿ ಮೂರು ಸಲ ಮುಖ ತೊಳೆದ. ಮೇಡಂ ಹನ್ನೆರಡು ಮಾಸ್ಕಿನ ಒಳಭಾಗವನ್ನೂ ಒರೆಸಿ ಗಾಳಿಗಿಟ್ಟರು. ಊಟದ ನಂತರ ಮತ್ತೆ ಪರೀಕ್ಷೆ ನಡೆಯಿತು. ಹತ್ತು ಮಾಸ್ಕಿಗೆ ಏಳರ ಮಗ್ಗಿ ಸಲೀಸಾಗಿ ಮುಗಿಯಿತು. ಐದನೆಯದಕ್ಕೂ ಒಂಬತ್ತನೆಯದಕ್ಕೂ ಅವನು ಕೈ ಎತ್ತಿದ. ಮೇಡಂ ಬಿಚ್ಚಿ ನೋಡಿದರು. ಎರಡರಲ್ಲೂ ಕೆನ್ನೆಯ ಹತ್ತಿರ ರಬ್ಬರು ಸೀಳಿತ್ತು. ಕೂದಲೆಳೆಯಷ್ಟೇ ಸೀಳು.

ಸಾಹೇಬರು ಆ ಸೀಳನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಏನೋ ಹೇಳಲೆಂದು ಡಿಟೆಕ್ಟರ್ ಇದ್ದ ಮೇಜಿನ ಹತ್ತಿರ ಬಂದರು. ಅದು ಮತ್ತೆ ಕುಂಯ್ ಎಂದಿತು.

"ಯಂತ್ರದ ಮಾತು ಸದ್ಯಕ್ಕೆ ಬೇಡ," ಎಂದು ಹೊರಟುಹೋದರು.

ಮರುದಿನ ಲ್ಯಾಬಿನ ಗೋಡೆಯ ಮೇಲಿದ್ದ ನಿಯಮಗಳ ಹಲಗೆಯಲ್ಲಿ ಒಂದು ಸಾಲು ಹೆಚ್ಚಾಗಿತ್ತು: ಪರೀಕ್ಷೆಗೆ ಮೊದಲು ಗದ್ದದ ಗುಳಿಯನ್ನು ನೀರಿನಿಂದ ತೊಳೆಯತಕ್ಕದ್ದು. ಆ ಲ್ಯಾಬಿನಲ್ಲಿ ಗದ್ದದಲ್ಲಿ ಗುಳಿ ಇದ್ದವನು ಅವನೊಬ್ಬನೇ.

ಮನೆಯಲ್ಲೂ ಒಂದು ಕಾನೂನು ಬಂತು. ಈಗ ದಿನಾ ಅವನು ಹೊರಡುವಾಗ ಹೆಂಡತಿ ಬಾಗಿಲಲ್ಲಿ ತಡೆದು, ಗದ್ದ ಹಿಡಿದು ಮೇಲೆತ್ತಿ ಮೂಸುತ್ತಾಳೆ. ಎದುರುಮನೆಯವರು ಕಿಟಕಿಗೆ ಬರುತ್ತಾರೆ.

"ಏನಂತೆ ಅಕ್ಕಾ?"

"ಪಾಸು," ಎನ್ನುತ್ತಾಳೆ ಅವಳು.